ಮೇಜಿನ ನಡುವೆ ಇಟ್ಟ ಪಾತ್ರೆ

ಮೊರಾವಾ ನದಿ ತೀರ
ಮಂಗಳವಾರ, ನವೆಂಬರ್ 23, 2004

ಮುದ್ದಿನ ದ್ರಿಂಕಾ,

ನಿನ್ನ ಕಾಗದ ಬಂದು ಮೂರು ವಾರ ದಾಟಿತು. ಅಂದು ನಾನು ಚಳಿಗಾಲದ ಎಲೆಕೋಸನ್ನು ಪೀಪಾಯಿಗೆ ತುಂಬುತ್ತಿದ್ದೆ, ಮೊಣಕೈವರೆಗೆ ಉಪ್ಪುನೀರು. ಅಂಚೆಯವನ ಕೈಯಿಂದ ಕಾಗದವನ್ನು ಹಲ್ಲಲ್ಲೇ ಕಚ್ಚಿಕೊಂಡು ಬಂದು ಗಡಿಯಾರದ ಹಿಂದೆ ಸಿಕ್ಕಿಸಿದೆ. ಆಮೇಲೆ ದಿನಾ ಗಂಟೆ ನೋಡಿದಾಗಲೆಲ್ಲ ಅದೂ ಕಾಣುತ್ತಿತ್ತು. ಕೋಸಿನ ಕೆಲಸ ಮುಗಿಯಲಿ ಎಂದೆ, ಕನ್ನಡಕ ರಿಪೇರಿಯಾಗಲಿ ಎಂದೆ. ಈ ಮುದುಕಿಯನ್ನು ಕ್ಷಮಿಸು.

ನಾನು ಚೆನ್ನಾಗಿದ್ದೇನೆ. ಮಂಡಿಯೊಂದು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಏಳು ತಿಂಗಳಾಯಿತು. ಪುರಸಭೆಗೆ ಹೋದರೆ, ಕಿಟಕಿಯ ಹಿಂದಿನ ಹುಡುಗಿ ತಲೆಯೆತ್ತದೆ, "ಅದು ಈ ಕಿಟಕಿ ಅಲ್ಲಮ್ಮಾ, ಪಕ್ಕದ್ದು" ಎಂದಳು. ಊರು ಬಿಡದೆಯೇ ನಾಲ್ಕು ದೇಶಗಳಲ್ಲಿ ಬದುಕಿದವಳು ನಾನು. ಬಾವುಟ ಬದಲಾಯಿತು, ಹಾಡು ಬದಲಾಯಿತು, ನಾಣ್ಯದ ಮೇಲಿನ ಮುಖ ಬದಲಾಯಿತು. ನಮಗೆ ಬೇಕಾದ ಕಿಟಕಿ ಮಾತ್ರ ನಾಲ್ಕೂ ದೇಶಗಳಲ್ಲಿ ಪಕ್ಕದ್ದೇ. ಇದನ್ನು ಪತ್ರಿಕೆಗೆ ಬರೆದೆ. ಸಂಪಾದಕರು ಹಾಕಲಿಲ್ಲ. ಇನ್ನೊಮ್ಮೆ ಬರೆದಿದ್ದೇನೆ.

ಬೀದಿಯಾಚೆಯ ಯಾಗೊದಾ ನಿನಗೆ ನೆನಪಿರಬೇಕು, ನನ್ನ ಜೊತೆ ಪ್ಯಾಕಿಂಗ್ ಹಾಲ್‌ನಲ್ಲಿದ್ದವಳು. ಎಪ್ಪತ್ತೆರಡರಲ್ಲೂ ಬಾಯಿ ಹಾಗೇ ಇದೆ. ಮೊನ್ನೆ ಬಂದು ಗಡಿಯಾರದ ಹಿಂದೆ ನೋಡಿದಳು. "ಏನೇ ಸ್ಪಾಸೆನಿಯಾ, ಆ ಮಗು ಕಾಗದ ಅಲ್ಲೇ ಮೊಳಕೆ ಬರ್ಲಿ ಅಂತ ಇಟ್ಟಿದ್ದೀಯಾ?" ಎಂದಳು. ಅದಕ್ಕೇ ಇಂದು ಕೂತಿದ್ದೇನೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ನಿಮ್ಮ ಆಸ್ಪತ್ರೆಯವರು ಹೊಸ ವ್ಯವಸ್ಥೆಯ ನಕ್ಷೆ ಮಾಡಿದ್ದಾರೆ. ರಕ್ತ ತೆಗೆಯುವ ಹುಡುಗಿಯರು ಒಂದು ವಿಭಾಗ, ಪರೀಕ್ಷೆ ಮಾಡುವ ನಿನ್ನ ಪ್ರಯೋಗಾಲಯ ಇನ್ನೊಂದು, ಅದೂ ಬೇರೆ ಕಟ್ಟಡದಲ್ಲಿ. ಇವರು ಅವರಿಗೆ ಏನಾದರೂ ಹೇಳಬೇಕಾದರೆ ತಮ್ಮ ಮುಖ್ಯಸ್ಥರಿಗೆ ಬರೆಯಬೇಕು, ಆ ಮುಖ್ಯಸ್ಥರು ಈ ಮುಖ್ಯಸ್ಥರಿಗೆ. ಪ್ರತಿ ತಪ್ಪಿಗೊಂದು ಚೀಟಿ, ಪ್ರತಿ ಚೀಟಿಯ ಮೇಲೊಂದು ಹೆಸರು. ಪ್ರಯೋಗಾಲಯದ ಮುಖ್ಯಸ್ಥೆಯಾಗಿ ಡಿಸೆಂಬರ್ ಒಂದರೊಳಗೆ ನೀನು ಸಹಿ ಹಾಕಬೇಕು. ಆಮೇಲೆ ನೀನು ಬರೆದ ಸಾಲು: "ಕುಮಾ, ಅಪ್ಪನ ಕಾರ್ಖಾನೆಯಲ್ಲಿ ಏನಾಯಿತು ಅಂತ ನೀವು ನನಗೆ ಯಾವತ್ತೂ ಪೂರ್ತಿ ಹೇಳಿಲ್ಲ. ಆಗ ನನಗೆ ಹದಿನಾರು. ಈಗಲಾದರೂ ಹೇಳಿ. ನಾನು ಸಹಿ ಹಾಕಲೋ ಬೇಡವೋ?"

ನಿನ್ನ ದೀಕ್ಷಾಸ್ನಾನದ ದಿನ ನಿನ್ನನ್ನು ಎತ್ತಿಕೊಂಡು ನಿಂತವಳು ನಾನು. ಆ ದಿನದಿಂದ ನಿನಗೆ ಧರ್ಮತಾಯಿ, ನಿಮ್ಮ ಮನೆಯವರಿಗೆಲ್ಲ ಕುಮಾ ಆದೆ. ನಿನಗೆ ಉತ್ತರ ಕೊಡದೆ ಇರಲು ನನಗೆ ಹಕ್ಕಿಲ್ಲ.

ನಮ್ಮ ಎನಾಮಲ್ ಪಾತ್ರೆ ಕಾರ್ಖಾನೆಯಲ್ಲಿ ಮೊದಲು ಒಂದೇ ಊಟದ ಮೇಜಿತ್ತು. ಓಕ್ ಮರದ್ದು, ಹದಿನಾಲ್ಕು ಮೀಟರ್ ಉದ್ದ. ಬೆಳಿಗ್ಗೆ ಹತ್ತಕ್ಕೆ ಬೀನ್ಸ್ ಕಾಳಿನ ಸೂಪು, ಬ್ರೆಡ್ಡು, ಉಪ್ಪಿನಲ್ಲಿಟ್ಟ ಮೆಣಸಿನಕಾಯಿ. ತಗಡು ಒತ್ತುವವರು, ಆಸಿಡ್ ತೊಟ್ಟಿಯಲ್ಲಿ ತಗಡು ತೊಳೆಯುವ ನಿನ್ನ ಅಪ್ಪನ ಕಡೆಯವರು, ಎನಾಮಲ್ ಎಂಬ ಗಾಜಿನ ಲೇಪ ಬಳಿಯುವವರು, ಅದನ್ನು ಸುಡುವ ಕೆಂಪು ಮುಖದ ಗೂಡಿನವರು, ಪ್ಯಾಕಿಂಗಿನ ನಾವು ಹೆಂಗಸರು, ಎಲ್ಲ ಅಲ್ಲೇ. ಮೂಲೆಯಲ್ಲಿ ರಸಾಯನದ ಎಂಜಿನಿಯರ್ ಗವ್ರಿಲೊ. ಆತ ಮನೆಯಿಂದ ಜೇಬಿನಲ್ಲಿ ತಂದ ಚಮಚದಲ್ಲೇ ಉಣ್ಣುತ್ತಿದ್ದ.

ಆ ಮೇಜಿಗೊಂದು ಪದ್ಧತಿಯಿತ್ತು. ಯಾರು ಶುರುಮಾಡಿದರೋ ಗೊತ್ತಿಲ್ಲ. ಕೆಟ್ಟ ಪಾತ್ರೆ ಯಾರ ಕಣ್ಣಿಗೆ ಬಿದ್ದರೂ ಅದನ್ನು ತಂದು ಮೇಜಿನ ನಡುವೆ ಇಡಬೇಕು. ತಪ್ಪು ಯಾರದೋ ಅವರು ಎದ್ದುನಿಂತು "ನಂದು" ಎನ್ನಬೇಕು, ಎಲ್ಲರಿಗೂ ಕಾಫಿ ಕಾಯಿಸಬೇಕು. ಕಾಫಿ ಉಕ್ಕುವವರೆಗೆ ಯಾರು ಏನು ಬೇಕಾದರೂ ಬೈಯಬಹುದು. ಕುಡಿದ ಮೇಲೆ ಮಾತಿಲ್ಲ. ಮತ್ತೆ ಎತ್ತಿದವರು ನಲವತ್ತು ಕಪ್ಪು ತೊಳೆಯಬೇಕು.

ಅರವತ್ತೇಳನೇ ಇಸವಿಯಲ್ಲಿ ಒಂದು ದಿನ ಯಾಗೊದಾ ಬಿಳಿ ಚುಕ್ಕೆಯ ಕೆಂಪು ಪಾತ್ರೆಯೊಂದನ್ನು ತಂದು ಕುಕ್ಕಿದಳು.

"ಎಲ್ರೂ ಬಾಯ್ಮುಚ್ಚಿ. ಇದು ಮಾತಾಡುತ್ತೆ, ಕೇಳಿ."

ಚಮಚಗಳು ನಿಂತವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಟಿಕ್. ಮೀನಿನ ಹುರುಪೆಯಷ್ಟು ಎನಾಮಲ್ ಚಕ್ಕೆ ಹಾರಿ ಗೂಡಿನವನೊಬ್ಬನ ಸೂಪಿಗೆ ಬಿತ್ತು.

"ಉಪ್ಪು ಕಮ್ಮಿ ಇತ್ತು, ಅದೇ ಹಾಕ್ಕೊಡ್ತಾ ಇದೆ," ಎಂದ ಅವನು.

"ಯಾರಪ್ಪಾ ಈ ಕೂಸಿನ ತಂದೆ?" ಎಂದಳು ಯಾಗೊದಾ.

ನಿನ್ನ ಅಪ್ಪ ವುಕಾಶಿನ್ ಎದ್ದುನಿಂತ. ಕಿವಿ ಪಾತ್ರೆಗಿಂತ ಕೆಂಪಾಗಿತ್ತು. "ನಂದು ಕಣ್ರಪ್ಪಾ. ಗುರುವಾರ ರೇಡಿಯೋಲಿ ಮ್ಯಾಚ್ ಬರ್ತಿತ್ತು. ನಮ್ಮವರು ಒಂದು ಗೋಲ್ ಹೊಡೀಲಿ, ಆಮೇಲೆ ತಗಡು ಮೇಲೆತ್ತೋಣ ಅಂದ್ಕೊಂಡೆ."

"ನಿಮ್ಮವರು ಗೋಲ್ ಹೊಡೆಯೋವರ್ಗೂ ಕಾದಿದ್ರೆ ತಗಡಲ್ಲ, ತೊಟ್ಟೀನೇ ಕರಗೋಗ್ತಿತ್ತು!"

ನಗು ನಿಂತ ಮೇಲೆ ಗವ್ರಿಲೊ ಬ್ರೆಡ್ಡಿನ ತುಂಡೊಂದನ್ನು ಕೈಗೆತ್ತಿಕೊಂಡ. "ಇದು ತಗಡು ಅನ್ಕೊಳ್ಳಿ. ಆಸಿಡ್ ಇದನ್ನ ಕಚ್ಚಿದಾಗ ಒಂದು ಗಾಳಿ ಹುಟ್ಟುತ್ತೆ, ತಗಡಿನೊಳಗೇ ನುಗ್ಗಿ ಕೂತ್ಕೊಳ್ಳುತ್ತೆ. ಮೇಲೆ ಎನಾಮಲ್ ಬಳಿದು ಸುಟ್ರೆ ಅದಕ್ಕೆ ಆಚೆ ಬರೋ ದಾರಿ ಇಲ್ಲ. ನಾಲ್ಕೈದು ದಿನ ತಡ್ಕೊಂಡಿದ್ದು, ಒದ್ದು ಬರುತ್ತೆ. ಅದಕ್ಕೇ ತೊಟ್ಟಿಗೆ ಆ ಕಂದು ಪುಡಿ ಹಾಕೋದು, ಆಸಿಡ್ ಹಸಿವು ತಗ್ಗಲಿ ಅಂತ." ಆಮೇಲೆ ನಿನ್ನ ಅಪ್ಪನ ಕಡೆ ಚಮಚ ತೋರಿಸಿ ಹೇಳಿದ: "ಪಾತ್ರೆ ಹೋದ್ರೆ ಹೋಗ್ಲಿ ಮಾರಾಯ. ಆಸಿಡ್ ಹಾಗೆ ಕುದೀತಾ ಇದ್ರೆ ಅದರ ಆವಿ ಹೋಗೋದು ಎಲ್ಲಿಗೆ? ಮೇಲೆ ಬಗ್ಗಿ ನಿಂತಿರೋ ನಿನ್ನ ಎದೆಗೆ. ಇಲ್ಲಿ ಪಾತ್ರೆ ಟಿಕ್ ಅಂದ್ರೆ, ಅಲ್ಲಿ ಮೊದ್ಲು ನಿನ್ನನ್ನ ಹೊರಗೆ ಕರೀಬೇಕು."

ನಿನ್ನ ಅಪ್ಪ ಕಾಫಿ ಕಾಯಿಸಿದ. ಕೆಟ್ಟದಾಗಿತ್ತು. ಆ ಒಂದು ಬೆಳಿಗ್ಗೆ ನಲವತ್ತು ಜನ ಕಲಿತದ್ದನ್ನು ಯಾವ ಮುಖ್ಯಸ್ಥನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವ ಅಗತ್ಯವೂ ಇರಲಿಲ್ಲ.

ಎಪ್ಪತ್ತೇಳರಲ್ಲಿ ಹೊಸ ಕಾಯಿದೆಯ ಪ್ರಕಾರ ನಮ್ಮ ಕಾರ್ಖಾನೆಯನ್ನು ನಾಲ್ಕು ಸಂಸ್ಥೆ ಮಾಡಿದರು. ಆ ಕಾಯಿದೆಯನ್ನು ನಾನು ಪೆನ್ಸಿಲ್ ಹಿಡಿದು ಮೊದಲಿಂದ ಕೊನೆಯವರೆಗೆ ಓದಿದವಳು. ಅದಕ್ಕೆ ಕೈಯೆತ್ತಿದವರಲ್ಲಿ ಎಷ್ಟು ಜನ ಓದಿದ್ದರೋ. ಮಾತುಗಳು ಚೆನ್ನಾಗಿದ್ದವು. ಕೆಲಸಗಾರ ತನ್ನ ಶೆಡ್ಡಿಗೆ ತಾನೇ ಯಜಮಾನ, ತನ್ನ ಸಮಿತಿಯಲ್ಲಿ ತಾನೇ ತೀರ್ಮಾನ ಮಾಡುತ್ತಾನೆ. ಆದರೆ ಪಾತ್ರೆ ಒಂದೇ ಅಲ್ಲವೇ ದ್ರಿಂಕಾ? ಅದು ಆ ಶೆಡ್ಡಿನಲ್ಲಿ ಹುಟ್ಟಿ ಈ ಶೆಡ್ಡಿನಲ್ಲಿ ಒಡೆಯುತ್ತದೆ. ಅಂಗಳದ ನಡುವೆ ತಂತಿ ಬೇಲಿ ಬಂತು. ಊಟದ ಹೊತ್ತು ಬೇರೆ ಬೇರೆಯಾಯಿತು. ಮೇಜನ್ನು ಏನು ಮಾಡಿದರು ಗೊತ್ತೇ? ಬಡಗಿಯನ್ನು ಕರೆಸಿ ಗರಗಸದಿಂದ ನಾಲ್ಕು ತುಂಡು ಮಾಡಿಸಿ, ಸಂಸ್ಥೆಗೊಂದು ಹಂಚಿದರು. ಬಡಗಿ ಕುಯ್ಯುವಾಗ ನಾವೆಲ್ಲ ನಿಂತು ನೋಡಿದೆವು.

ನಮ್ಮ ಪ್ಯಾಕಿಂಗ್ ಸಂಸ್ಥೆಗೆ ರತೋಮಿರ್ ಮುಖ್ಯಸ್ಥನಾದ. ಕೆಟ್ಟವನಲ್ಲ, ಸದಾ ಹೆದರಿಕೊಂಡಿದ್ದವನು. ಒಂದು ಸಂಸ್ಥೆಯ ತಪ್ಪು ಇನ್ನೊಂದರ ತಲೆಗೆ ಬರುವ ಹಾಗಿದ್ದುದರಿಂದ, ಕೆಲಸದ ಮಾತು ಬೇಲಿ ದಾಟಬಾರದು ಎಂದು ನಿಯಮವಾಯಿತು. ಹೇಳುವುದಿದ್ದರೆ ಕಾಗದದಲ್ಲಿ, ಮುಖ್ಯಸ್ಥರ ಮೂಲಕ. ದಾಟಿದವರಿಗೆ ಹೆಸರಿನ ಚೀಟಿ. ಚೀಟಿ ಬಿದ್ದವರ ಹೆಸರು ಆ ವರ್ಷ ಕಾರ್ಖಾನೆ ಕೊಡುವ ಫ್ಲ್ಯಾಟ್‌ಗಳ ಪಟ್ಟಿಯಿಂದ ಹೋಗುತ್ತಿತ್ತು. ಮನೆಗಾಗಿ ಹತ್ತು ಹನ್ನೆರಡು ವರ್ಷ ಕಾದವರಿದ್ದರು.

ಎಪ್ಪತ್ತೆಂಟರ ಶರತ್ಕಾಲದಲ್ಲಿ ಆಸಿಡ್ ಶೆಡ್ಡಿನ ಸಮಿತಿ ಖರ್ಚು ಉಳಿಸಲೆಂದು ಕಂದು ಪುಡಿ ಹಾಕುವುದನ್ನು ನಿಲ್ಲಿಸಿತು. ಅವರ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತು. ಪುಡಿ ಹಾಕಿದರೂ ಹಾಕದಿದ್ದರೂ ಅವರ ಶೆಡ್ಡಿನಿಂದ ಹೊರಡುವ ತಗಡು ಒಂದೇ ಥರ. ಗವ್ರಿಲೊ ನಿವೃತ್ತನಾಗಿ ಹಳ್ಳಿಯಲ್ಲಿ ಜೇನು ಸಾಕುತ್ತಿದ್ದ. ಸಮಿತಿಯಲ್ಲಿ ಎದ್ದುನಿಂತು ಬೇಡ ಎಂದವನು ನಿನ್ನ ಅಪ್ಪ ಒಬ್ಬನೇ. "ಪುಡಿ ಇಲ್ದೆ ಪಾತ್ರೆ ಟಿಕ್ ಅನ್ನುತ್ತೆ, ನಾನೇ ಕೇಳಿದೀನಿ," ಎಂದನಂತೆ. ಹೊಸಬರು ನಕ್ಕರಂತೆ. "ಹಂಗಾದ್ರೆ ಟಿಕ್ ಅನ್ನೋ ಪಾತ್ರೆ ಒಂದಾದ್ರೂ ತಂದು ತೋರ್ಸಿ, ವುಕಾಶಿನ್ ಮೇಸ್ತ್ರಿ. ನಾಳೆಯಿಂದ್ಲೇ ಹಾಕೋಣ."

ಅವನು ಎಲ್ಲಿಂದ ತರಬೇಕು? ಪಾತ್ರೆಗಳೆಲ್ಲ ಬೇಲಿಯ ಈಚೆ, ನಮ್ಮ ಗೋದಾಮಿನಲ್ಲಿದ್ದವು. ಅಲ್ಲಿ ಕಾಲಿಟ್ಟರೆ ಜೀರುಂಡೆ ತುಂಬಿದ ಹುಲ್ಲುಗಾವಲಿನ ಹಾಗೆ ಕೇಳುತ್ತಿತ್ತು. ಟಿಕ್, ಟಿಕ್, ಟಿಕ್. ಮೂರಕ್ಕೊಂದು ಪಾತ್ರೆ.

"ನಾನು ಬೇಲಿ ಹತ್ರ ಹೋಗಿ ವುಕಾಶಿನ್‌ನ ಕೂಗ್ತೀನಿ," ಎಂದು ಯಾಗೊದಾ ಏಪ್ರನ್ ಬಿಚ್ಚಿದಳು.

ರತೋಮಿರ್ ಅಡ್ಡ ಬಂದ. "ಕಾಮ್ರೇಡ್ ಯಾಗೊದಾ, ಚೀಟಿ ಬರುತ್ತೆ. ಆಮೇಲೆ ನಾ ಹೇಳಿಲ್ಲ ಅನ್ಬೇಡಿ."

"ಬರ್ಲಿ ಬಿಡಿ. ಅತ್ತೆ ಮನೇಲಿ ಇಪ್ಪತ್ತು ವರ್ಷ ಇದ್ದೋಳಿಗೆ ನಿಮ್ಮ ಚೀಟಿ ಯಾವ ಲೆಕ್ಕ?"

ಅವಳೊಬ್ಬಳ ಹೆಸರಲ್ಲ, ಪ್ಯಾಕಿಂಗ್ ಹಾಲ್‌ನ ಮೇಲ್ವಿಚಾರಕಿಯಾದ ನನ್ನ ಹೆಸರೂ ಚೀಟಿಯಲ್ಲಿ ಬರುತ್ತದೆ ಎಂದ ರತೋಮಿರ್. ನಾನೇ ಅವಳ ಕೈ ಹಿಡಿದು ಕೂರಿಸಿದೆ. ಬೇಡ ಕಣೇ, ಕ್ರಮದ ಪ್ರಕಾರ ಬರೆಯೋಣ ಎಂದೆ. ಅಂದೇ ಬರೆದೆ, ನವೆಂಬರ್ 21: "ಪಾತ್ರೆಗಳು ಟಿಕ್ ಎನ್ನುತ್ತಿವೆ, ಮೂರಕ್ಕೊಂದು. ಆಸಿಡ್ ತೊಟ್ಟಿಯಲ್ಲಿ ಏನೋ ಕೆಟ್ಟಿದೆ. ಈಗಲೇ ಹೋಗಿ ನೋಡಿ, ಅಲ್ಲಿ ಕೆಲಸ ಮಾಡುವವರ ಎದೆಗೆ ಅಪಾಯ."

ಆ ಕಾಗದ ನಾಲ್ಕು ಮೇಜು ದಾಟಿತು. ಒಂದೊಂದು ಮೇಜಿನ ಪ್ರತಿಯನ್ನೂ ನಾನು ಆಮೇಲೆ ಹಠ ಹಿಡಿದು ತೆಗೆಸಿ ನೋಡಿದೆ. ರತೋಮಿರ್ "ಈಗಲೇ" ಎಂಬುದನ್ನು ತೆಗೆದಿದ್ದ. ಮೇಲಿನವರಿಗೆ ಅಪ್ಪಣೆ ಮಾಡಿದ ಹಾಗಿರುತ್ತದಂತೆ. ಅವನ ಮೇಲಿನವನು ಎದೆಯ ಮಾತನ್ನು ತೆಗೆದಿದ್ದ. ಅದು ವೈದ್ಯರ ವಿಷಯವಂತೆ. ಮೂರನೆಯವನು "ಮೂರಕ್ಕೊಂದು" ಎಂಬುದನ್ನು "ಕೆಲವು" ಮಾಡಿದ್ದ. ನಾಲ್ಕನೆಯವನು ಟಿಕ್ ಎಂಬುದನ್ನೂ ತೊಟ್ಟಿಯ ಮಾತನ್ನೂ ತೆಗೆದಿದ್ದ. ಆಸಿಡ್ ಶೆಡ್ಡಿಗೆ ತಲುಪಿದಾಗ ಉಳಿದದ್ದು ಇಷ್ಟು: "ಪಾತ್ರೆಗಳ ಗುಣಮಟ್ಟದ ಬಗ್ಗೆ ಗಮನ ಹರಿಸುವುದು." ಯಾರೂ ಸುಳ್ಳು ಬರೆದಿರಲಿಲ್ಲ. ಒಬ್ಬೊಬ್ಬನೂ ತನಗೆ ಚುಚ್ಚುವ ಮುಳ್ಳನ್ನು ಮಾತ್ರ ಕಿತ್ತಿದ್ದ.

ತಲುಪಿದ್ದು ಜನವರಿ 22ಕ್ಕೆ. ಬೇಲಿಯಿಂದ ಆಸಿಡ್ ಶೆಡ್ಡಿನ ಬಾಗಿಲಿಗೆ ಅರವತ್ತು ಹೆಜ್ಜೆ, ಕಾಗದಕ್ಕೆ ಅರವತ್ತೆರಡು ದಿನ. ಅಷ್ಟರಲ್ಲಿ ನಿನ್ನ ಅಪ್ಪ ಆಸ್ಪತ್ರೆ ಸೇರಿ ಎಂಟು ದಿನವಾಗಿತ್ತು. ಚಳಿಗೆಂದು ಕಿಟಕಿ ಮುಚ್ಚಿದ ಶೆಡ್ಡಿನಲ್ಲಿ ಎರಡು ತಿಂಗಳು ಕುದಿಯುವ ತೊಟ್ಟಿಯ ಮೇಲೆ ಬಗ್ಗಿ ನಿಂತಿದ್ದ. ಉಳಿದದ್ದು ನಿನಗೇ ಗೊತ್ತು. ಆಮೇಲೆ ಬದುಕಿದ ಒಂಬತ್ತು ವರ್ಷ ಅವನು ಮಲಗಿ ನಿದ್ದೆ ಮಾಡಲಿಲ್ಲ, ಬೆನ್ನಿಗೆ ದಿಂಬು ಕೊಟ್ಟು ಕೂತೇ. ಆ ದಿಂಬುಗಳನ್ನು ಬಿಸಿಲಿಗೆ ಹಾಕುತ್ತಿದ್ದವಳು ನೀನು.

ನೀನು ಕೇಳಬಹುದು, ನೀವಿಬ್ಬರೂ ಬಸ್ಸಿಗೆ ಒಟ್ಟಿಗೇ ನಿಲ್ಲುತ್ತಿದ್ದಿರಲ್ಲ ಕುಮಾ, ಅಲ್ಲಿ ಮಾತಾಡಲಿಲ್ಲವೇ ಎಂದು. ಆಲೂಗಡ್ಡೆ, ಹಂದಿಮರಿ, ನಿನ್ನ ಪರೀಕ್ಷೆಯ ಅಂಕ, ಇವನ್ನೇ ಮಾತಾಡುತ್ತಿದ್ದೆವು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಜನರನ್ನು ಬೇರೆ ಬೇರೆ ಕೂರಿಸಿದರೆ ಹೀಗೇ ಆಗುತ್ತದೆ. ಬೇಲಿ ಅಂಗಳದಲ್ಲಿ ನಿಲ್ಲುವುದಿಲ್ಲ, ನಮ್ಮ ಹಿಂದೆಯೇ ಬಸ್ಸು ಹತ್ತುತ್ತದೆ.

ಆದ್ದರಿಂದ ಸಹಿ ಹಾಕಬೇಡ ಮಗಳೇ. ಹಾಕಲೇಬೇಕೆಂದು ಬಂದರೆ ಎರಡು ಮಾತು ಬರೆಸಿಕೊಂಡು ಹಾಕು. ರಕ್ತ ತೆಗೆಯುವ ಹುಡುಗಿಯೂ ಪರೀಕ್ಷಿಸುವ ಹುಡುಗಿಯೂ ದಿನಕ್ಕೊಮ್ಮೆ ಒಂದೇ ಮೇಜಿನಲ್ಲಿ ಕೂರಬೇಕು. ಚೀಟಿಯ ಮೇಲೆ ಹೆಸರು ಇರಬಾರದು. ಇಬ್ಬರು ರೋಗಿಗಳ ರಕ್ತದ ಸೀಸೆ ಅದಲುಬದಲಾದದ್ದನ್ನು ಕಂಡ ಹುಡುಗಿ ನಿನ್ನ ಬಾಗಿಲಲ್ಲಿ ಕಾಲು ಗಂಟೆ ಹಿಂಜರಿದು ನಿಂತಳೆಂದು ಬರೆದಿದ್ದೀಯಲ್ಲ. ಹೊಸ ನಕ್ಷೆಯಲ್ಲಿ ಅವಳು ಬರುವುದೇ ಇಲ್ಲ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ಅವರು ಹಾಲು ಕುಡಿದ ಲೋಟ ತಾವೇ ತೊಳೆಯುವಷ್ಟು ಒಳ್ಳೆಯವರಾಗಲಿ. ನಿನ್ನ ಕೈ ಬೆಚ್ಚಗಿರಲಿ, ನಿನ್ನ ಮನೆಯಲ್ಲಿ ಎಲ್ಲರೂ ಉದ್ದಕ್ಕೆ ಮಲಗಿ ಸುಖವಾಗಿ ನಿದ್ದೆ ಮಾಡಲಿ.

ನಿನ್ನ ಕುಮಾ,
ಸ್ಪಾಸೆನಿಯಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ, ಮತ್ತೆ ಕಿತ್ತಿದ್ದೇನೆ. ನಿನಗೆ ಉತ್ತರ ತಡವಾದದ್ದು ಎಲೆಕೋಸಿನಿಂದಲ್ಲ.

ಅವನು ಕೇಳಲಿಲ್ಲ ಎಂದು ಮೇಲೆ ಬರೆದೆ. ಕೇಳಿದ್ದ.

ಆ ಡಿಸೆಂಬರ್ 19, ನಿಮ್ಮ ಮನೆಯಲ್ಲಿ ಸಂತ ನಿಕೋಲಾನ ಹಬ್ಬ. ಕಾರ್ಪ್ ಮೀನಿನ ತಟ್ಟೆ ಇಟ್ಟು ನೀನು ಬ್ರೆಡ್ಡು ತರಲು ಒಳಗೆ ಹೋದೆ. ನಿನ್ನ ಅಪ್ಪ ಕೆಮ್ಮಿ, ಬಾಯಿ ಒರೆಸಿಕೊಂಡು, ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ. "ಕುಮಾ, ನಿಮ್ಮ ಕಡೆ ಪಾತ್ರೆ ಟಿಕ್ ಅಂತಿದ್ಯಾ? ಒಂದೇ ಒಂದು ಸಿಕ್ರೂ ಸಾಕು. ಸಮಿತಿ ಮುಂದೆ ಇಡ್ತೀನಿ."

ಫ್ಲ್ಯಾಟ್ ಸಮಿತಿ ಸೇರುವುದು ಇಪ್ಪತ್ತೈದಕ್ಕಿತ್ತು. ಪಟ್ಟಿಯಲ್ಲಿ ನಾನು ಮೂರನೆಯವಳು, ಹನ್ನೊಂದು ವರ್ಷ ಕಾದಿದ್ದೆ. ಅವನು ಪಾತ್ರೆ ತೋರಿಸಿದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಆರು ದಿನ, ಆಮೇಲೆ ನಾನೇ ಕೈಯಾರೆ ತಂದು ಕೊಡುತ್ತೇನೆ ಎಂದುಕೊಂಡೆ.

"ಇಲ್ವಲ್ಲ ವುಕಾಶಿನ್," ಎಂದೆ. "ಏನೂ ಕೇಳಿಸ್ತಿಲ್ಲ."

ಅವನು ನನ್ನ ಮಾತನ್ನು ನಂಬಿದ, ದ್ರಿಂಕಾ. ಅನುಮಾನಪಟ್ಟಿದ್ದರೆ ಚೆನ್ನಾಗಿತ್ತು. "ಹಂಗಾದ್ರೆ ನಂದೇ ತಪ್ಪು ತಿಳುವಳಿಕೆ ಇರ್ಬೇಕು," ಎಂದು ನಕ್ಕು, ಮೀನಿನ ಒಳ್ಳೆಯ ತುಂಡನ್ನು ನನ್ನ ತಟ್ಟೆಗೆ ಹಾಕಿದ. ಮಾರನೆಯ ದಿನ ಸಮಿತಿಯಲ್ಲಿ ತನ್ನ ಆಕ್ಷೇಪ ಹಿಂದಕ್ಕೆ ಪಡೆದ. ಇಪ್ಪತ್ತೈದು ಬಂತು, ಪಟ್ಟಿ ಬಂತು, ಹೊಸ ವರ್ಷ ಬಂತು. ಆಮೇಲೆ ಹೇಳಿದರೆ ಮೊದಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅಷ್ಟರಲ್ಲಿ ಅವನು ಆಸ್ಪತ್ರೆಗೆ ಹೋದ.

ನೀನು ಸಂಜೆ ಶಾಲೆಯಿಂದ ಬಂದು ಹಾಲು ಕುಡಿಯುತ್ತಿದ್ದ, ಮೊರಾವಾ ಕಾಣುವ ಈ ಅಡುಗೆಮನೆ, ಆ ಫ್ಲ್ಯಾಟಿನದು.

ಇಪ್ಪತ್ತಾರು ವರ್ಷ ನಾನು ಬೇಲಿಯನ್ನು ಬೈದೆ, ಕಾಯಿದೆಯನ್ನು ಬೈದೆ, ಪತ್ರಿಕೆಗೆ ಬರೆದೆ. ಬರೆದದ್ದೆಲ್ಲ ನಿಜ. ಆ "ಇಲ್ಲ" ಮಾತ್ರ ಯಾವುದರಲ್ಲೂ ಇಲ್ಲ. ನಿನ್ನ ನಕ್ಷೆಯಲ್ಲಿ ಗೆರೆಗಳನ್ನು ನೋಡಬೇಡ. ಒಂದನ್ನೇ ನೋಡು: ತೀರಾ ಕೆಟ್ಟವಳಲ್ಲದ ಹೆಂಗಸೊಬ್ಬಳು, ತಾನು ಪ್ರೀತಿಸುವವನ ಮನೆಯಲ್ಲಿ, ಅವನು ಬಡಿಸಿದ್ದನ್ನು ಉಣ್ಣುತ್ತ, "ಇಲ್ಲ" ಎನ್ನುವುದು ಅಲ್ಲಿ ಸುಲಭವೋ ಕಷ್ಟವೋ.

ಕಾರ್ಖಾನೆ ಮುಚ್ಚಿದಾಗ ಆ ಮೇಜಿನ ಒಂದು ತುಂಡನ್ನು ಮನೆಗೆ ತಂದಿದ್ದೆ. ಅದರ ಮೇಲೆಯೇ ಬರೆಯುತ್ತಿದ್ದೇನೆ, ಗರಗಸದ ಗುರುತು ಮೊಣಕೈಗೆ ತಗಲುತ್ತದೆ. ಆ ಚಳಿಗಾಲದ ಪಾತ್ರೆಯೊಂದನ್ನೂ ಇಟ್ಟುಕೊಂಡಿದ್ದೆ. ಇಷ್ಟು ವರ್ಷ ಬಾಲ್ಕನಿಯಲ್ಲಿ ಅದರಲ್ಲಿ ಸೊಪ್ಪು ಬೆಳೆಸುತ್ತಿದ್ದೆ. ಇಂದು ಮಣ್ಣು ಸುರಿದು, ತೊಳೆದು, ಮೇಜಿನ ನಡುವೆ ಇಟ್ಟಿದ್ದೇನೆ.

ಇದು ನಂದು, ದ್ರಿಂಕಾ.

ಭಾನುವಾರ ಬಾ. ಒಂದನೇ ತಾರೀಕಿಗೆ ಇನ್ನೂ ಮೂರು ದಿನ ಇರುತ್ತದೆ. ಲಿಫ್ಟ್ ಇಲ್ಲ, ನಾಲ್ಕು ಮಹಡಿ ಹತ್ತಬೇಕು. ನೀನು ಕೂತ ಮೇಲೆ ಒಲೆ ಹಚ್ಚುತ್ತೇನೆ, ಉರಿ ಸಣ್ಣಗೆ ಇಡುತ್ತೇನೆ. ಕಾಫಿ ಉಕ್ಕುವವರೆಗೆ ನಿನಗೆ ಬೇಕಾದದ್ದೆಲ್ಲ ಹೇಳು. ಆಮೇಲೆ ಕಪ್ಪನ್ನು ನಿನ್ನ ಮುಂದೆ ಇಡುತ್ತೇನೆ. ಕುಡಿಯುವುದು ಬಿಡುವುದು ನಿನಗೆ ಸೇರಿದ್ದು.